ಯಾರ ಪೈಕಿ, ಎಷ್ಟ ಮಂದಿ, ಎಷ್ಟ ರೂಮು

ಹುಬ್ಬಳ್ಳಿ-ಧಾರವಾಡದಲ್ಲಿ ರಾತ್ರಿ ಉಳಿಯಲಿಕ್ಕೆ ಜಾಗ ಕೇಳಿದವರಿಗೆ ಹಿಂದೆ ಎರಡು ಪ್ರಶ್ನೆ ಎದುರಾಗುತ್ತಿದ್ದವು. ಮೊದಲನೆಯದು, ‘ಯಾರ ಪೈಕಿ ನೀವು?’ ಅದಕ್ಕೆ ಕೊಟ್ಟ ಉತ್ತರ ಕೇಳಿದವನಿಗೆ ಒಪ್ಪಿಗೆಯಾದರೆ ಎರಡನೆಯದು, ‘ಎಷ್ಟ ಮಂದಿ ಅದೀರಿ?’ ಈಗ ಇರುವುದು ಒಂದೇ ಪ್ರಶ್ನೆ. ಕೌಂಟರಿನ ಹುಡುಗ ಕಂಪ್ಯೂಟರ್ ನೋಡುತ್ತಲೇ ಕೇಳುತ್ತಾನೆ, ‘ಎಷ್ಟ ರೂಮ್ ಬೇಕ್ರೀ ಸರ್?’

ಗಂಡ-ಹೆಂಡತಿ ಇಬ್ಬರೇ ಹೋದರೆ ಈ ಪ್ರಶ್ನೆಯಿಂದ ಯಾವ ತೊಂದರೆಯೂ ಇಲ್ಲ. ಒಂದು ಮನೆತನದ ಹತ್ತು ಮಂದಿ, ಎಲ್ಲರೂ ದೊಡ್ಡವರು, ಎರಡು-ಮೂರು ದಿನ ಕೂಡಿ ಇರೋಣ ಅಂತ ಹೊರಟಾಗ ತೊಡಕು ಶುರುವಾಗುತ್ತದೆ. ಐದು ರೂಮು ಸಿಗತಾವ, ಆದರೆ ಹತ್ತು ಮಂದಿ ಕೂಡಿ ಕೂಡಲಿಕ್ಕೆ ಜಾಗ ಸಿಗೋದಿಲ್ಲ. ಹೋದ ವರ್ಷ ನಮ್ಮ ಮಂದಿಗಾಗಿ ನಾನು ಇಂಥ ಜಾಗ ಹುಡುಕಿದೆ. ಹುಡುಕುತ್ತ ಹೋದಾಗ, ಈ ಊರಿನ ತಂಗುದಾಣಗಳ ಇತಿಹಾಸ ತಿಳಿಯದೆ ಇವತ್ತಿನ ಈ ಕೊರತೆ ಅರ್ಥವಾಗೋದಿಲ್ಲ ಅನ್ನಿಸಿತು. ಹಂಗಾಗಿ ಮೊದಲು ಇತಿಹಾಸ.

ಬೀಡು, ಬಿಡಾರ, ಬಿಡದಿ. ಈ ಮೂರು ಶಬ್ದಗಳಲ್ಲೂ ಒಬ್ಬನೇ ಮನುಷ್ಯ ಇಲ್ಲ. ಬೀಡು ಬಿಟ್ಟದ್ದು ದಂಡು, ಬಿಡಾರ ಹೂಡಿದ್ದು ಮೇಳ, ಬಿಡದಿಯಲ್ಲಿ ಇಳಿದದ್ದು ಬೀಗರು. ನಮ್ಮ ಭಾಷೆಯಲ್ಲಿ ತಂಗುವುದೆಂದರೆ ಗುಂಪಾಗಿ ತಂಗುವುದು. ಮದುವೆಗೆ ಬಂದ ಗಂಡಿನ ಕಡೆಯವರಿಗೆ ಬಿಡದಿ ಮನಿ ಕೊಡುವಾಗ ಕೋಣೆ ಎಣಿಸಿ ಕೊಟ್ಟವರಿಲ್ಲ. ಜಮಖಾನ ಎಷ್ಟು, ದಿಂಬು ಎಷ್ಟು, ಮುಂಜಾನೆ ಬಿಸಿನೀರಿಗೆ ಹಂಡೆ ಎಷ್ಟು ಅಂತ ಲೆಕ್ಕ ಹಾಕುತ್ತಿದ್ದರು.

ದಾರಿಹೋಕರಿಗೆ ಅನ್ನ ಕೊಡುವ ಸತ್ರಗಳ ಮಾತು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಮ್ಮಿಂದ ದಕ್ಷಿಣಕ್ಕೆ, ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯಲ್ಲಿ ಕೋಡಿಯ ಮಠ ಅಂತ ಇತ್ತು. 1162ರ ಶಾಸನವೊಂದು ಆ ಮಠದಲ್ಲಿ ಯಾರು ಯಾರಿಗೆ ಊಟ ಸಿಗುತ್ತಿತ್ತು ಎಂಬುದರ ಉದ್ದ ಪಟ್ಟಿ ಕೊಡುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕತೆ ಹೇಳುವವರು, ಹಾಡುವವರು, ಬಾರಿಸುವವರು, ಕುಣಿಯುವವರು, ಬೇರೆ ಬೇರೆ ಮತದ ಸನ್ಯಾಸಿಗಳು, ಎಲ್ಲರೂ ಅದರಲ್ಲಿದ್ದಾರೆ. ರೋಗಿಗಳಿಗೆ ಔಷಧವೂ ಅಲ್ಲೇ. ಇಷ್ಟು ಅಗಲ ಬಾಗಿಲು ಎಲ್ಲ ಕಡೆಯೂ ಇತ್ತು ಅಂತ ಹೇಳಲಿಕ್ಕೆ ಬರೋದಿಲ್ಲ. ಬಹಳಷ್ಟು ಸತ್ರಗಳು ಇಂಥವರಿಗೆ ಮಾತ್ರ ಅಂತ ಕಟ್ಟಿದವುಗಳೇ. ಆದರೆ ಅಂಥ ಒಂದು ಬಾಗಿಲು ಕನ್ನಡ ನಾಡಿನಲ್ಲಿ ಇತ್ತು ಅನ್ನೋದು ನೆನಪಿರಲಿ.

ಈಗ ನಮ್ಮ ಊರಿಗೆ ಬರೋಣ. ಹುಬ್ಬಳ್ಳಿ ವ್ಯಾಪಾರದ ಊರು, ಅದರಲ್ಲೂ ಹತ್ತಿಯ ಊರು. ಸುತ್ತಲಿನ ಹಳ್ಳಿಗಳಿಂದ ಚಕ್ಕಡಿಯಲ್ಲಿ ಅರಳಿ ಹೇರಿಕೊಂಡು ಬಂದ ರೈತನಿಗೆ ಲಾಡ್ಜು ಗೊತ್ತಿರಲಿಲ್ಲ. ಅವನು ಮಾಲು ಇಳಿಸಿದ ಅಡತಿ ಅಂಗಡಿಯ ಕಟ್ಟೆಯೇ ಅವನ ವಸತಿ. ಸಾವುಕಾರನ ಜೊತೆ ತಲೆಮಾರಿನ ಸಂಬಂಧ. ಅಪ್ಪ ಮಲಗಿದ ಕಟ್ಟೆಯ ಮೇಲೆ ಮಗನೂ ಮಲಗುತ್ತಿದ್ದ. ಬಾಡಿಗೆ ಇಲ್ಲ. ಆದರೆ ಮಾಲು ಬೇರೆ ಅಡತಿಗೆ ಹಾಕುವ ಸ್ವಾತಂತ್ರ್ಯವೂ ಅಷ್ಟಕ್ಕಷ್ಟೇ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂತು. ಹುಬ್ಬಳ್ಳಿ ಜಂಕ್ಷನ್ ಆಯಿತು, ರೈಲ್ವೆ ವರ್ಕ್‌ಶಾಪ್ ಬಂತು. ರೈಲು ಮಾಡಿದ ದೊಡ್ಡ ಬದಲಾವಣೆ ಏನಪಾ ಅಂದ್ರ, ಊರಿನಲ್ಲಿ ಯಾರ ಪರಿಚಯವೂ ಇಲ್ಲದವರನ್ನು ನಡುರಾತ್ರಿ ತಂದು ಇಳಿಸಿತು. ಚಕ್ಕಡಿಯಲ್ಲಿ ಬಂದವನಿಗೆ ಹೋಗಬೇಕಾದ ಮನೆಯೊಂದು ಇರುತ್ತಿತ್ತು. ರೈಲಿನಲ್ಲಿ ಬಂದವನಿಗೆ ಅದು ಇರಬೇಕಂತಿಲ್ಲ. ಧರ್ಮಶಾಲೆ, ಮುಸಾಫಿರಖಾನೆಗಳ ಕಾಲ ಅದು. ನಡುವೆ ಅಂಗಳ, ಸುತ್ತ ಪಡಸಾಲೆ, ಒಂದು ಬಾವಿ, ಒಲೆ ಹೂಡಲಿಕ್ಕೆ ಮೂರು ಕಲ್ಲು. ಸಾಮಾನ್ಯವಾಗಿ ಮೂರು ದಿನಕ್ಕಿಂತ ಹೆಚ್ಚು ಇರಬಾರದೆಂಬ ನಿಯಮ. ಸರಕಾರಿ ಸಾಹೇಬರಿಗೆ ಬೇರೆ ಬಂಗಲೆಗಳು. ಅವನ್ನೇ ನಾವು ಐಬಿ ಅಂತ ಕರೆಯುತ್ತ ಬಂದದ್ದು.

ಇಂಥ ಪಡಸಾಲೆ ಒಂದು ಕುಟುಂಬದ ಹತ್ತು ಮಂದಿಗೆ ಬಹಳ ಅನುಕೂಲದ್ದು. ಒಂದು ಮೂಲೆಯಲ್ಲಿ ಚಾಪೆ ಹಾಸಿದರೆ ಅದೇ ಮನಿ. ಅಜ್ಜನಿಗೆ ಗೋಡೆ ಕಡೆ, ಗಂಡಸರು ಹೊರಗೆ, ಹೆಂಗಸರು ಒಳಗೆ. ಗಂಟು ಕಾಯಲಿಕ್ಕೆ ಒಬ್ಬರು, ಒಲೆ ಹಚ್ಚಲಿಕ್ಕೆ ಒಬ್ಬರು. ಆದರೆ ಅಲ್ಲಿ ಚಾಪೆ ಹಾಸುವ ಮುಂಚೆ ಮೊದಲನೆಯ ಪ್ರಶ್ನೆ ದಾಟಬೇಕಿತ್ತು. ಯಾರ ಪೈಕಿ?

ಈ ಪ್ರಶ್ನೆ ಎಷ್ಟು ಕ್ರೂರವಾಗಿರಬಹುದು ಅಂತ ಅಂಬೇಡ್ಕರ್ ಅವರು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬರೆದಿದ್ದಾರೆ. ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ ಬಂದವರು ನೌಕರಿಗಾಗಿ ಬರೋಡಾಕ್ಕೆ ಹೋದರು. ಹಿಂದೂ ಹೋಟೆಲ್ಲಿನಲ್ಲಿ ಜಾಗ ಸಿಗೋದಿಲ್ಲ ಅಂತ ಗೊತ್ತಿತ್ತು. ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೆಯ ದಿನ ಬಡಿಗೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಸಂಬಳ ಇತ್ತು, ಓದಿತ್ತು, ಸಂಸ್ಥಾನದ ಹುದ್ದೆ ಇತ್ತು. ಮಲಗಲಿಕ್ಕೆ ಜಾಗ ಇರಲಿಲ್ಲ.

ಧಾರವಾಡಕ್ಕೂ ಈ ಕತೆಗೂ ನೇರ ಸಂಬಂಧ ಇದೆ. 1920ರ ದಶಕದ ಕೊನೆಗೆ ಅಂಬೇಡ್ಕರ್ ಅವರು ಮುಂಬೈ ಪ್ರಾಂತದ ಕೆಲವು ಊರುಗಳಲ್ಲಿ ದಲಿತ ವಿದ್ಯಾರ್ಥಿಗಳಿಗೆ ವಸತಿ ನಿಲಯ ನಡೆಸಲು ಮುಂದಾದಾಗ ಪುಣೆ, ನಾಸಿಕ, ಠಾಣೆಗಳ ಜೊತೆ ಧಾರವಾಡವನ್ನೂ ಆರಿಸಿದರು. ಯಾಕೆ ಬೇಕಾಯಿತು? ಧಾರವಾಡ ವಿದ್ಯೆಯ ಊರು. ಮುರುಘಾಮಠದಂಥ ಕಡೆ ಹಳ್ಳಿಯ ಬಡ ಹುಡುಗರಿಗೆ ಊಟ-ವಸತಿ ಕೊಟ್ಟು ಓದಿಸಿದ ದೊಡ್ಡ ಪರಂಪರೆ ಇಲ್ಲಿನದು. ಒಂದೊಂದು ಸಮಾಜವೂ ತನ್ನ ಹುಡುಗರಿಗೆ ಒಂದೊಂದು ಬೋರ್ಡಿಂಗ್ ಕಟ್ಟಿಕೊಂಡಿತು. ಅದರಿಂದ ಓದಿ ಮುಂದೆ ಬಂದವರಿಗೆ ಲೆಕ್ಕವಿಲ್ಲ. ಆದರೆ ಯಾರ ಪೈಕಿಯೂ ಅಲ್ಲದವನಿಗೆ ಓದಿನ ಊರಿನಲ್ಲೂ ಮಲಗಲು ಜಾಗವಿರಲಿಲ್ಲ. ಅವನಿಗೂ ಒಂದು ಬಾಗಿಲು ಕಟ್ಟಬೇಕಾಯಿತು.

ಹುಬ್ಬಳ್ಳಿಯಲ್ಲಿ ಸಿದ್ಧಾರೂಢರ ಮಠದ ಮಾತು ಬೇರೆ. 1929ರಲ್ಲಿ ಸಮಾಧಿಯಾದ ಸಿದ್ಧಾರೂಢರು ಜಾತಿ ನೋಡದ ಗುರು ಅಂತಲೇ ಹೆಸರಾದವರು. ಶಿವರಾತ್ರಿಯ ತೇರಿಗೆ ಬಂದ ಮಂದಿ ಮಠದ ಸುತ್ತ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಮಲಗುತ್ತಾರೆ, ದಾಸೋಹದಲ್ಲಿ ಉಣ್ಣುತ್ತಾರೆ. ಹುಬ್ಬಳ್ಳಿ ರೈಲು ನಿಲ್ದಾಣಕ್ಕೆ 2020ರಲ್ಲಿ ಅವರ ಹೆಸರಿಟ್ಟರು. ಊರಿಗೆ ಬಂದವರನ್ನು ಮೊದಲು ಬರಮಾಡಿಕೊಳ್ಳುವ ಜಾಗಕ್ಕೆ ಪೈಕಿ ಕೇಳದವರ ಹೆಸರು. ಸರಿಯಾಗೇ ಅದ ಅನ್ನಿಸತದ.

ಕಾನೂನಿನಲ್ಲಿ ಮೊದಲನೆಯ ಪ್ರಶ್ನೆಗೆ ತೆರೆ ಬಿದ್ದದ್ದು ಸ್ವಾತಂತ್ರ್ಯದ ನಂತರ. ಸಂವಿಧಾನದ 15ನೆಯ ವಿಧಿ, ಜಾತಿ-ಮತದ ಕಾರಣಕ್ಕೆ ಹೋಟೆಲ್ಲು, ಅಂಗಡಿಗಳ ಪ್ರವೇಶ ತಡೆಯುವಂತಿಲ್ಲ ಅಂತ ಹೇಳಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದನ್ನು ಇನ್ನೂ ಬಿಡಿಸಿ ಹೇಳಿತು. ಸಾರ್ವಜನಿಕರಿಗೆ ತೆರೆದ ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಯಲ್ಲಿ ಅಸ್ಪೃಶ್ಯತೆಯ ಹೆಸರಿನಲ್ಲಿ ಜಾಗ ನಿರಾಕರಿಸಿದರೆ ಶಿಕ್ಷೆ. ಅಲ್ಲಿನ ಪಾತ್ರೆ-ಪಗಡ ಮುಟ್ಟಬೇಡ ಅಂದರೂ ಶಿಕ್ಷೆ. ಮುಸಾಫಿರಖಾನೆ ಅನ್ನುವ, ನಮ್ಮ ಹಿರಿಯರ ಬಾಯಲ್ಲಿದ್ದ ಶಬ್ದವೇ ಕಾಯಿದೆಯೊಳಗೆ ಹೋಗಿ ಕೂತಿದೆ.

ಧರ್ಮಶಾಲೆಯ ಜೊತೆಜೊತೆಗೇ ಇನ್ನೊಂದು ತಂಗುದಾಣ ಇತ್ತು. ಅದು ಮನಿ. ನಮ್ಮ ಭಾಗದ ವಾಡೆಗಳನ್ನು ನೋಡ್ರಿ, ಬಂದವರಿಗಾಗಿಯೇ ಕಟ್ಟಿದಂತಿರುತ್ತವೆ. ಹೊರಗೆ ಕಟ್ಟೆ, ಒಳಗೆ ಪಡಸಾಲೆ, ಮೇಲೆ ಅಟ್ಟ. ಧಾರವಾಡದ ಸಂಗೀತವೂ ಒಂದು ರೀತಿಯಲ್ಲಿ ಈ ಆತಿಥ್ಯದ ಫಲ. ಮೈಸೂರು ಅರಮನೆಯ ದಸರಾ ಕಚೇರಿಗೆ ಹೊರಟ ಹಿಂದುಸ್ತಾನಿ ಗಾಯಕರಿಗೆ ನಮ್ಮ ಊರು ದಾರಿಯಲ್ಲಿ ಸಿಗುತ್ತಿತ್ತು. ಉಸ್ತಾದ್ ಅಬ್ದುಲ್ ಕರೀಂ ಖಾನರು ಹೀಗೆ ಹೋಗುತ್ತ ಬರುತ್ತ ಇಲ್ಲಿ ಉಳಿದರು, ಹಾಡಿದರು, ಕಲಿಸಿದರು. ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಸವಾಯಿ ಗಂಧರ್ವರಾದರು. ಅವರ ಕೈಯಲ್ಲಿ ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು ತಯಾರಾದರು. ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಯಿಡೀ ಸಂಗೀತ ನಡೆಸುವ ಪದ್ಧತಿ ಬೆಳೆಯಿತು. ಗಾಯಕರು ಒಂದು ರಾತ್ರಿ ಲಾಡ್ಜಿನಲ್ಲಿ ಮಲಗಿ ಬೆಳಿಗ್ಗೆ ರೈಲು ಹತ್ತಿದ್ದರೆ ಈ ಊರಿಗೆ ಇಷ್ಟು ಸಂಗೀತ ದಕ್ಕುತ್ತಿರಲಿಲ್ಲ.

ಆದರೆ ಮನೆಯ ಆತಿಥ್ಯ ಪುಕ್ಕಟೆ ಅಂತ ಹೇಳುವವರು ಅಡಿಗಿಮನಿಗೆ ಹೋಗಿ ನೋಡಿದವರಲ್ಲ. ಪಡಸಾಲೆಯಲ್ಲಿ ಹತ್ತು ಮಂದಿ ಮಾತಾಡುತ್ತ ಕೂತಾಗ ಒಳಗೆ ಒಬ್ಬಾಕೆ ರೊಟ್ಟಿ ಬಡಿಯುತ್ತಿದ್ದಳು. ಒಬ್ಬೊಬ್ಬರಿಗೆ ಮೂರು ಅಂದರೂ ಮೂವತ್ತು ರೊಟ್ಟಿ, ಅದೂ ಎರಡು ಹೊತ್ತು. ಧರ್ಮಶಾಲೆಯ ಬಾಡಿಗೆ ಜಾತಿಯ ರೂಪದಲ್ಲಿ ಇತ್ತು ಅಂದರೆ, ಮನೆಯ ಬಾಡಿಗೆಯನ್ನು ಸೊಸೆ ತನ್ನ ಸೊಂಟದಿಂದ ಕಟ್ಟುತ್ತಿದ್ದಳು.

ಇನ್ನು ಲಾಡ್ಜು. ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಅನ್ನುವ ಬೋರ್ಡು ಕಳೆದ ಶತಮಾನದಲ್ಲಿ ಸ್ಟೇಶನ್ ರಸ್ತೆಗಳಲ್ಲಿ, ಬಸ್ ನಿಲ್ದಾಣಗಳ ಎದುರು ಒಂದೊಂದಾಗಿ ಬಂತು. ಕೆಳಗೆ ಇಡ್ಲಿ-ವಡೆಯ ಹೋಟೆಲ್ಲು, ಮೇಲೆ ಉದ್ದ ವರಾಂಡ, ಎರಡೂ ಬದಿಗೆ ನಂಬರು ಬರೆದ ಬಾಗಿಲುಗಳು, ಹಿತ್ತಾಳೆ ಬಿಲ್ಲೆ ಕಟ್ಟಿದ ಕೀಲಿ. ನಾವು ಲಾಡ್ಜನ್ನು ಅಷ್ಟೇನೂ ಗೌರವದಿಂದ ನೋಡಲಿಲ್ಲ. ‘ನೆಂಟರ ಮನಿ ಇರೂಮುಂದ ಲಾಡ್ಜಿನ್ಯಾಗ ಯಾಕ ಇಳದ್ರಿ?’ ಅಂತ ಸಿಟ್ಟಾಗುವವರು ಈಗಲೂ ಅದಾರ. ಆದರೆ ಲಾಡ್ಜು ಒಂದು ದೊಡ್ಡ ಕೆಲಸ ಮಾಡಿತು. ರೊಕ್ಕ ಎಣಿಸಿ, ರಿಜಿಸ್ಟರಿನಲ್ಲಿ ಸಹಿ ಮಾಡಿದರೆ ಕೀಲಿ ಕೈಗೆ. ಯಾರ ಪೈಕಿ ಅಂತ ಕೇಳುವುದು ಅದರ ಧಂಧೆಗೆ ಬೇಕಾಗಿರಲಿಲ್ಲ. ಊಟದ ಮನೆಗಳ ಬೋರ್ಡಿನ ಮೇಲೆ ಸಮಾಜದ ಹೆಸರು ಬಹಳ ಕಾಲ ಉಳಿಯಿತು, ಲಿಂಗಾಯತ ಖಾನಾವಳಿ ಅನ್ನುವ ಬೋರ್ಡು ಇವತ್ತಿಗೂ ಕಾಣುತ್ತದೆ. ಕೋಣೆಯ ಬಾಗಿಲ ಮೇಲೆ ಮಾತ್ರ ಬರೀ ನಂಬರು.

ಪೈಕಿ ಹೋಯಿತು, ಆದರೆ ಅದರ ಜಾಗಕ್ಕೆ ಇನ್ನೊಂದು ಶಬ್ದ ಬಂತು. ಫ್ಯಾಮಿಲಿ. ಹಳೆಯ ಹೋಟೆಲ್ಲುಗಳಲ್ಲಿ ಪರದೆ ಇಳಿಬಿಟ್ಟ ‘ಫ್ಯಾಮಿಲಿ ರೂಮ್’ ನೋಡಿದವರಿಗೆ ಅದರ ಅರ್ಥ ಗೊತ್ತು. ಹೆಂಗಸರು ಇದ್ದಾರೆ ಅಂತ. ನಮ್ಮ ಗಂಡಸರು ‘ಫ್ಯಾಮಿಲಿ ಕರಕೊಂಡ ಬಂದೇನಿ’ ಅಂದರೆ ಹೆಂಡತಿಯನ್ನು ಕರಕೊಂಡು ಬಂದಿದ್ದಾರೆ ಅಂತ ತಿಳಿಯಬೇಕು. ಲಾಡ್ಜಿನ ಲೆಕ್ಕದಲ್ಲೂ ಫ್ಯಾಮಿಲಿ ಅಂದರೆ ಗಂಡ, ಹೆಂಡತಿ, ಬೇಕಾದರೆ ಒಂದು ಎಕ್ಸ್‌ಟ್ರಾ ಬೆಡ್ಡಿನ ಮಗು. ಅಣ್ಣ-ತಂಗಿ, ಅಕ್ಕ-ತಮ್ಮ, ಕಾಕಾ, ವಿಧವೆ ಅತ್ತಿಗೆ, ಮದುವೆ ಆಗದ ತಂಗಿ ಇವರೆಲ್ಲ ಯಾವ ಲೆಕ್ಕಕ್ಕೆ?

ನಮ್ಮ ಮಂದಿಯೇ ಅಂಥದ್ದು. ಐದು ಮಂದಿ ಒಡಹುಟ್ಟಿದವರು, ಎಲ್ಲರಿಗೂ ಐವತ್ತು ದಾಟಿದೆ. ದೊಡ್ಡಣ್ಣ-ವೈನಿ, ಗಂಡನನ್ನು ಕಳಕೊಂಡ ಅಕ್ಕ, ನಾನು ಮತ್ತು ನನ್ನಾಕಿ, ಅಮೆರಿಕದಲ್ಲಿರುವ ತಮ್ಮ ಮತ್ತು ಅವನ ಹೆಂಡತಿ, ಮದುವೆಯಾಗದೆ ಉಳಿದ ತಂಗಿ, ಅಕ್ಕನ ಮಗಳು, ಎಂಬತ್ತೆರಡರ ಕಾಕಾ. ಒಟ್ಟು ಹತ್ತು. ಮಾಳಮಡ್ಡಿಯ ಮನೆ ಇದ್ದಾಗ ಈ ಲೆಕ್ಕ ಯಾರೂ ಹಾಕಿರಲಿಲ್ಲ. ಅವ್ವ ತೀರಿದ ಮೇಲೆ ಮನೆ ಮಾರಿ ಪಾಲು ಹಂಚಿಕೊಂಡೆವು. ಜಗಳ ಇಲ್ಲದೆ ಹಂಚಿಕೊಂಡೆವು ಅನ್ನುವುದೇ ನಮ್ಮ ಹೆಮ್ಮೆ. ಆದರೆ ಆಮೇಲೆ ಹತ್ತೂ ಮಂದಿ ಒಂದು ಸೂರಿನ ಕೆಳಗೆ ಮಲಗಿರಲಿಲ್ಲ. ಹುಟ್ಟಿದ ಊರಿಗೇ ಪ್ರವಾಸಿಗರಾಗಿ ಹೋಗೋಣ ಅಂತ ತಂಗಿ ಹೇಳಿದಳು. ಜಾಗ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಒಂದು ಲಾಡ್ಜಿನಲ್ಲಿ ಮೂರು ಹಾಸಿಗೆಯ ಕೋಣೆ ಇತ್ತು. ರಾತ್ರಿ ಕಾಕಾನ ಜೊತೆ ಇಬ್ಬರು ಇರಬೇಕು, ದೊಡ್ಡಣ್ಣ ಮತ್ತು ಅಕ್ಕ ಇರುತ್ತಾರೆ ಅಂದೆ. ಆಧಾರ್ ಕಾರ್ಡಿನಲ್ಲಿ ಅಣ್ಣನ ಅಡ್ಡಹೆಸರು ಒಂದು, ಮದುವೆಯಾದ ಅಕ್ಕನದು ಇನ್ನೊಂದು. ‘ಇದು ಫ್ಯಾಮಿಲಿ ಆಗಂಗಿಲ್ಲಲ್ರೀ’ ಅಂದರು. ಅರವತ್ತೆಂಟರ ಅಣ್ಣ, ಅರವತ್ತೈದರ ಅಕ್ಕ! ನಕ್ಕು ಸುಮ್ಮನಾಗಬಹುದಿತ್ತು. ಅಕ್ಕನಿಗೆ ಮಾತ್ರ ನಗು ಬರಲಿಲ್ಲ. ‘ತವರಮನಿ ಮಾರಿದ ಮ್ಯಾಲ ನಾ ಈ ಮನಿಯಾಕಿ ಅಲ್ಲ ಅಂತ ಕಾಗದಾ ಬ್ಯಾರೆ ತೋರಸಬೇಕೇನು’ ಅಂದಳು.

ದೊಡ್ಡ ಹೋಟೆಲ್ಲುಗಳಲ್ಲಿ ಇಂಥ ಪ್ರಶ್ನೆ ಇಲ್ಲ. ಐದು ಕೋಣೆ, ಲಿಫ್ಟು, ಬಿಸಿನೀರು, ಮುಂಜಾನೆಯ ನಾಷ್ಟಾ ಎಲ್ಲ ಇದೆ. ಆದರೆ ರಾತ್ರಿ ಊಟ ಆದ ಮೇಲೆ ಹತ್ತು ಮಂದಿ ಎಲ್ಲಿ ಕೂಡಬೇಕು? ಲಾಬಿಯಲ್ಲಿ ದನಿ ತಗ್ಗಿಸಬೇಕು, ಕೋಣೆಯಲ್ಲಿ ಮಂಚದ ಮೇಲೆ ನಾಲ್ಕು ಮಂದಿಗಿಂತ ಹೆಚ್ಚು ಹಿಡಿಯೋದಿಲ್ಲ. ಕಲ್ಯಾಣ ಮಂಟಪದ ಕೋಣೆಗಳು ಮುಹೂರ್ತ ಇಲ್ಲದ ದಿನ ಸಿಗುತ್ತವೆ, ದೊಡ್ಡ ಹಾಲೂ ಇರುತ್ತದೆ. ಆದರೆ ಹತ್ತು ಮಂದಿಗೆ ಆ ಹಾಲು ಬಯಲು ಇದ್ದಂಗ. ಮಠದ ವಸತಿ ಅಗ್ಗ, ಶಿಸ್ತಿನದು, ಆದರೆ ಬೇಗ ಬಾಗಿಲು ಹಾಕುತ್ತಾರೆ. ನಮ್ಮವರ ಮಾತು ಶುರುವಾಗುವುದೇ ಹತ್ತು ಗಂಟೆಗೆ.

ಕಡೆಗೆ ಧಾರವಾಡದಲ್ಲಿ ದಿನದ ಬಾಡಿಗೆಗೆ ಕೊಡುವ ಒಂದು ಮನೆ ಸಿಕ್ಕಿತು. ನಾಲ್ಕು ಕೋಣೆ, ನಡುವೆ ಪಡಸಾಲೆ. ಎರಡು ತೊಡಕು ಉಳಿದವು. ತಮ್ಮ-ಅವನ ಹೆಂಡತಿಯದು ಅಮೆರಿಕದ ಪಾಸ್‌ಪೋರ್ಟು. ವಿದೇಶಿ ಪೌರರನ್ನು ಇಳಿಸಿಕೊಂಡವರು 24 ತಾಸಿನೊಳಗೆ ಫಾರ್ಮ್ ತುಂಬಿ ಸರಕಾರಕ್ಕೆ ತಿಳಿಸಬೇಕು. ಮನೆ ಮಾಲೀಕರು ಆ ಉಸಾಬರಿ ಬ್ಯಾಡ ಅಂದರು. ಅವರಿಬ್ಬರು ಹತ್ತಿರದ ಹೋಟೆಲ್ಲಿನಲ್ಲಿ ಮಲಗಿ, ಮುಂಜಾನೆ ಚಹಾಕ್ಕೆ ನಮ್ಮ ಕಡೆ ಬಂದರು. ಎರಡನೆಯದು ವೈನಿಯ ಷರತ್ತು. ‘ಮನಿ ತಗೊಂಡ್ರ ತಗೋರಿ. ಅಡಿಗಿ ನಾ ಮಾಡಂಗಿಲ್ಲ.’ ಮಾಳಮಡ್ಡಿಯ ಮನೆಯಲ್ಲಿ ಮೂವತ್ತು ವರ್ಷ ಬಂದವರಿಗೆಲ್ಲ ರೊಟ್ಟಿ ಬಡಿದ ಕೈ ಅದು. ಆ ಮನೆಯನ್ನು ನೆನೆದು ಕಣ್ಣೀರು ಹಾಕಿದವರಲ್ಲಿ ಆಕೆ ಇರಲಿಲ್ಲ ಅನ್ನುವುದು ನನಗೆ ಆಗ ಹೊಳೆಯಿತು. ಖಾನಾವಳಿಯಿಂದ ಬುತ್ತಿ ತರಿಸಿದೆವು. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೊಸರು. ಪಡಸಾಲೆಯಲ್ಲಿ ಹರಟೆಗೆ ಮೊದಲು ಕೂತು ಕೊನೆಗೆ ಎದ್ದವಳು ವೈನಿಯೇ. ನಮಗೆ ಗೊತ್ತಿಲ್ಲದ ನಮ್ಮ ಮನೆಯ ಕತೆಗಳು ಆಕೆಯ ಹತ್ತಿರ ಅದೆಷ್ಟು ಇದ್ದವು!

ನಿಮ್ಮ ಮಂದಿಯೂ ಹೀಗೆ ಹೊರಡುವವರಿದ್ದರೆ ಒಂದೆರಡು ಮಾತು. ಹುಬ್ಬಳ್ಳಿಯೋ ಧಾರವಾಡವೋ ಅಂತ ತಲಿ ಕೆಡಿಸಿಕೊಳ್ಳಬ್ಯಾಡ್ರಿ. ನಡುವೆ ಇಪ್ಪತ್ತು ಕಿಲೋಮೀಟರು, ಚಿಗರಿ ಬಸ್ಸು ಅದಾವ. ರೈಲಿಗೆ, ಸಿದ್ಧಾರೂಢ ಮಠಕ್ಕೆ, ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಹುಬ್ಬಳ್ಳಿ ಹತ್ತಿರ. ಸಾಧನಕೇರಿ, ನುಗ್ಗಿಕೇರಿ ಹನುಮಪ್ಪ, ಲೈನ್ ಬಜಾರದ ಫೇಡೆಗೆ ಧಾರವಾಡ. ಶಿವರಾತ್ರಿ, ಗಣಪತಿ ಹಬ್ಬ, ಕೃಷಿ ಮೇಳ, ಮದುವೆಯ ಮುಹೂರ್ತ ಇರುವ ದಿನಗಳನ್ನು ತಪ್ಪಿಸ್ರಿ. ಹಿರಿಯರಿದ್ದರೆ ಮೆಟ್ಟಿಲು ಎಷ್ಟು, ಪಾಯಿಖಾನೆ ಯಾವ ತರಹದ್ದು, ಬಿಸಿನೀರು ಎಷ್ಟೊತ್ತಿಗೆ ಅಂತ ಫೋನಿನಲ್ಲೇ ಕೇಳ್ರಿ. ಎಲ್ಲರ ಗುರುತಿನ ಚೀಟಿ ಇರಲಿ. ಊಟ ಯಾರು ಮಾಡುತ್ತಾರೆ ಅನ್ನುವುದನ್ನು ಹೊರಡುವ ಮುಂಚೆಯೇ ತೀರ್ಮಾನಿಸ್ರಿ. ಇಲ್ಲದಿದ್ದರೆ ಅದು ತಾನಾಗಿಯೇ ಒಬ್ಬಾಕೆಯ ತಲೆಗೆ ಹೋಗುತ್ತದೆ.

ಮತ್ತೆ ಕೌಂಟರಿನ ಹುಡುಗ ಎಷ್ಟ ರೂಮ್ ಅಂತ ಕೇಳಿದಾಗ ನಂಬರು ಹೇಳಬ್ಯಾಡ್ರಿ. ‘ಹತ್ತು ಮಂದಿ ಅದೀವ್ರಿ. ಎಲ್ಲಾರೂ ಕೂಡಲಿಕ್ಕೆ ಜಾಗಾ ಎಲ್ಲಿ ಅದ, ಮೊದಲ ಅದನ್ನ ತೋರಸ್ರಿ’ ಅನ್ನಿರಿ. ಯಾರ ಪೈಕಿ ಅನ್ನುವ ಪ್ರಶ್ನೆಯನ್ನು ಕಾಯಿದೆ ಮಾಡಿ ತೆಗೆದು ಹಾಕಬೇಕಾಯಿತು, ಅದು ಹೋದದ್ದೇ ಚಲೋ. ಎಷ್ಟ ಮಂದಿ ಅನ್ನುವ ಪ್ರಶ್ನೆಯನ್ನು ಯಾರೂ ತೆಗೆದಿಲ್ಲ, ಕೇಳೋದು ಬಿಟ್ಟೇವಿ ಅಷ್ಟ. ಬಂದವರು ಹತ್ತು ಸಲ ಕೇಳಿದರೆ ಹೋಟೆಲ್ಲಿನವರೂ ಒಂದು ಪಡಸಾಲೆ ಕಟ್ಟಿಸ್ಯಾರು.